ಲಿಂಕನ್ ಕಾಂಟಿನೆಂಟಲ್: ಹಿಂದಿನ ಬಾಗಿಲು ಯಾಕೆ ಉಲ್ಟಾ?

#1 ಬೆಣ್ಣೆದೋಸೆ

ನಾವಿರುವುದು ಮಿಶಿಗನ್‌ನಲ್ಲಿ. ಊರಿನಿಂದ ಅತ್ತೆ, ಮಾವ ಬಂದಿದ್ದಾರೆ. ಹೋದ ಶನಿವಾರ ಎಲ್ಲರೂ ಡಿಯರ್‌ಬೋರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ಹೋಗಿದ್ದೆವು. ಮಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ 30 ವರ್ಷ ಮೆಕ್ಯಾನಿಕ್ ಆಗಿದ್ದವರು. ಅವರಿಗೆ ಗಾಡಿ ಅಂದರೆ ಮುಂದೆ ನಿಂತು ನೋಡುವ ಸಾಮಾನಲ್ಲ, ಕೆಳಗೆ ಮಲಗಿ ನೋಡುವ ಸಾಮಾನು.

ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದಾಗ ಕೂತಿದ್ದ ಲಿಂಕನ್ ಕಾಂಟಿನೆಂಟಲ್ ಕಾರು ಅಲ್ಲಿದೆಯಲ್ಲ, ಕಪ್ಪಗೆ, ಉದ್ದಕ್ಕೆ. ಜನ ಅದರ ಮುಂದೆ ಪಿಸುಮಾತಲ್ಲಿ ಮಾತಾಡುತ್ತಿದ್ದರು. ಮಾವ ಮಾತ್ರ ಬಗ್ಗಿ ಬಗ್ಗಿ ಬಾಗಿಲನ್ನೇ ನೋಡುತ್ತಿದ್ದರು. "ಹಿಂದಿನ ಬಾಗಿಲಿಗೆ ಹಿಂಜು ಹಿಂದುಗಡೆ ಕೊಟ್ಟಿದ್ದಾನೆ. ಓಡುವಾಗ ಲಾಕ್ ಜಾರಿದರೆ ಗಾಳಿ ಕಿತ್ತುಕೊಂಡು ಹೋಗಲ್ವೇನಮ್ಮಾ? ಇದನ್ನ ಪಾಸ್ ಮಾಡಿದ ಪುಣ್ಯಾತ್ಮ ಯಾರು?"

ಮೂರು ದಿನವಾಯಿತು, ಕಾಫಿ ಕುಡಿಯುವಾಗಲೂ ಅದೇ ಪ್ರಶ್ನೆ. ಗೊತ್ತಿದ್ದವರು ಬಿಡಿಸಿ ಹೇಳಿ. ಆ ಕಾರಿನ ಕಥೆ ಮೊದಲಿನಿಂದ ಹೇಳಿದರೂ ಸರಿ, ನಾನು ಮಾವನಿಗೆ ಓದಿ ಹೇಳುತ್ತೇನೆ.

#2 ಕ್ಲಚ್‌ಪ್ಲೇಟ್

ಅದೆಲ್ಲ ಆಮೇಲೆ. ಮೈಲೇಜ್ ಎಷ್ಟು ಕೊಡುತ್ತೆ?

#3 ಹಳೇಗಾಡಿ

ಕ್ಲಚ್‌ಪ್ಲೇಟ್ ಗುರು, ಲೀಟರಿಗೆ 5 ಕಿಲೋಮೀಟರ್ ಬಂದರೆ ದೇವರಿಗೆ ಕಾಯಿ ಒಡೆಯಬೇಕು. ಎಂಜಿನ್ 430 ಕ್ಯೂಬಿಕ್ ಇಂಚು, ಅಂದರೆ 7 ಲೀಟರ್. ಹೆಚ್ಚುಕಮ್ಮಿ ಒಂಬತ್ತು ಮಾರುತಿ 800 ಎಂಜಿನ್ ಒಟ್ಟಿಗೆ ಕಟ್ಟಿದ ಹಾಗೆ.

ಬೆಣ್ಣೆದೋಸೆ ಸಾರ್, ನಿಮ್ಮ ಮಾವ ಕೇಳಿದ ಪುಣ್ಯಾತ್ಮನ ಹೆಸರು ರಾಬರ್ಟ್ ಮ್ಯಾಕ್ನಮಾರ. ಹೌದು, ಆಮೇಲೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ರಕ್ಷಣಾ ಕಾರ್ಯದರ್ಶಿ ಆಗಿದ್ದವರೇ. ಅದಾದ ಮೇಲೆ 1968ರಿಂದ 1981ರವರೆಗೆ ವಿಶ್ವಬ್ಯಾಂಕ್ ಅಧ್ಯಕ್ಷರು. ನಿಮ್ಮ ಮಾವನ ಕಾಲದವರು ಪೇಪರಿನಲ್ಲಿ ಈ ಹೆಸರು ಓದಿರುತ್ತಾರೆ.

ಅದಕ್ಕೂ ಮೊದಲು ಅವರು ಫೋರ್ಡ್ ಕಂಪನಿಯಲ್ಲಿದ್ದರು. ಲಿಂಕನ್ ಅಂದರೆ ಫೋರ್ಡ್‌ನದೇ ದುಬಾರಿ ಕಾರುಗಳ ವಿಭಾಗ. 1958ರಿಂದ 1960ರವರೆಗಿನ ಲಿಂಕನ್ ಕಾರುಗಳು ನೋಡಿದ್ದೀರಾ? ಓರೆ ಹೆಡ್‌ಲೈಟು, ಎಲ್ಲೆಂದರಲ್ಲಿ ಕ್ರೋಮು, ಉದ್ದ ಸುಮಾರು 5.8 ಮೀಟರ್. ಮದುವೆ ಚಪ್ಪರಕ್ಕೆ ಚಕ್ರ ಹಾಕಿದ ಹಾಗಿತ್ತು. ಮಾರಾಟ ಆಗಲಿಲ್ಲ. ಮೂರು ವರ್ಷದಲ್ಲಿ ಲಿಂಕನ್ ವಿಭಾಗಕ್ಕೆ 6 ಕೋಟಿ ಡಾಲರಿಗೂ ಜಾಸ್ತಿ ನಷ್ಟ. ಮ್ಯಾಕ್ನಮಾರಗೆ ಲೆಕ್ಕದ ಪುಸ್ತಕವೇ ಪಂಚಾಂಗ. ಲಿಂಕನ್ ಬಾಗಿಲು ಮುಚ್ಚಿಬಿಡೋಣ ಅನ್ನುವ ಮಾತೂ ಬಂದಿತ್ತು.

ಆ ಹೊತ್ತಿಗೆ ಎಲ್ವುಡ್ ಎಂಗಲ್ ಅನ್ನುವ ಡಿಸೈನರ್ ಒಂದು ಸಣ್ಣ ಸ್ಟುಡಿಯೋದಲ್ಲಿ 1961ರ ಥಂಡರ್‌ಬರ್ಡ್‌ಗೆ ಅಂತ ಜೇಡಿಮಣ್ಣಿನ ಮಾಡೆಲ್ ಮಾಡಿಟ್ಟಿದ್ದರು. ಥಂಡರ್‌ಬರ್ಡ್ ಅಂದರೆ ಫೋರ್ಡ್‌ನದೇ ಎರಡು ಬಾಗಿಲಿನ ಗಾಡಿ. ಆ ಕೆಲಸಕ್ಕೆ ಬೇರೆಯವರ ಡಿಸೈನ್ ಪಾಸಾಯಿತು. ಎಂಗಲ್ ಮಾಡಿದ್ದನ್ನು ಮ್ಯಾಕ್ನಮಾರ ನೋಡಿದರು. ಇದನ್ನೇ ಸ್ವಲ್ಪ ದೊಡ್ಡದು ಮಾಡಿ, ನಾಲ್ಕು ಬಾಗಿಲು ಇಟ್ಟರೆ ಲಿಂಕನ್ ಆಗುತ್ತಾ ಅಂತ ಕೇಳಿದರು. ಆಯಿತು.

ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಹಿಂದಿನ ವರ್ಷದ ಗಾಡಿಗಿಂತ ಇದು 15 ಇಂಚು ಗಿಡ್ಡ. ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, 131 ಇಂಚಿನಿಂದ 123 ಇಂಚಿಗೆ ಇಳಿಯಿತು. ಹಿಂದಿನ ಬಾಗಿಲಿಗೆ ಎಲ್ಲ ಕಾರಿನ ಹಾಗೆ ಹಿಂಜು ಮುಂದುಗಡೆ ಇಟ್ಟರೆ ಇಳಿಯುವವರ ಪಾದ ಬಾಗಿಲಿಗೆ ಹೊಡೆಯುತ್ತಿತ್ತು. ಹಿಂಜು ಹಿಂದಕ್ಕೆ ಹಾಕಿದ ಮೇಲೆ ಕಾಲು ಸಲೀಸಾಗಿ ಹೊರಗೆ ಬಂತು. ಈಗ ಅದನ್ನು ಏನೋ ರಾಜಠೀವಿ ಅಂತ ಹೊಗಳುತ್ತಾರೆ. ಹುಟ್ಟಿದ್ದು ಮಾತ್ರ ಜಾಗ ಸಾಲದ್ದಕ್ಕೆ.

#4 ಬೆಣ್ಣೆದೋಸೆ

ಸಾರ್ ಅಲ್ಲ, ಮೇಡಂ 🙂 ಮಾವನಿಗೆ ಓದಿ ಹೇಳಿದೆ. "ಹಾಗೆ ಹೇಳು! ನಮ್ಮ ಡಿಪೋದಲ್ಲೂ ಜಾಗ ಇಲ್ಲದಿದ್ದಾಗಲೇ ಒಳ್ಳೊಳ್ಳೆ ಐಡಿಯಾ ಬರುತ್ತಿದ್ದವು" ಅಂದರು. ಆದರೆ ಲಾಕ್ ಜಾರುವ ಪ್ರಶ್ನೆಗೆ ಉತ್ತರ ಬಂದಿಲ್ಲವಂತೆ.

#5 ಮಲ್ನಾಡ್‌ಮಳೆ

ಇಂಥ ಬಾಗಿಲಿಗೆ ಸೂಸೈಡ್ ಡೋರ್ ಅನ್ನುವ ಹೆಸರು ಬಂದಿದ್ದೇ ನಿಮ್ಮ ಮಾವ ಹೇಳಿದ ಕಾರಣಕ್ಕೆ. 1930ರ ದಶಕದ ಎಷ್ಟೋ ಕಾರುಗಳಲ್ಲಿ ಇದು ಇತ್ತು. ಆಗ ಲಾಕೂ ಅಷ್ಟಕ್ಕಷ್ಟೇ, ಸೀಟ್ ಬೆಲ್ಟೂ ಇಲ್ಲ. ಬಾಗಿಲು ಬಿಚ್ಚಿಕೊಂಡರೆ ಮುಂದಿನಿಂದ ಬರುವ ಗಾಳಿ ಅದನ್ನು ಪೂರಾ ತೆರೆಯುತ್ತಿತ್ತು. ಮುಚ್ಚೋಣ ಅಂತ ಕೈ ಚಾಚಿದವನೂ ಅದರ ಜೊತೆಗೇ ಹೊರಗೆ. 1961ರ ಕಾಂಟಿನೆಂಟಲ್‌ನಲ್ಲಿ ಲಾಕು ಗಟ್ಟಿಯಾಗಿತ್ತು. ಬಾಗಿಲು ಸರಿಯಾಗಿ ಕೂತಿಲ್ಲ ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಎಚ್ಚರಿಕೆ ದೀಪ ಉರಿಯುತ್ತಿತ್ತು.

ಹಳೇಗಾಡಿ ಅಣ್ಣ, ಒಂದು ತಿದ್ದುಪಡಿ. ನೀವು ಹಾಗೆ ಹೇಳಲಿಲ್ಲ, ಆದರೂ ಓದಿದವರಿಗೆ ಇದನ್ನು ಮತ್ತೆ ತಂದವರು ಲಿಂಕನ್‌ನವರೇ ಅನ್ನಿಸಬಹುದು. ಅದಕ್ಕೂ ಮುಂಚೆ 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್‌ನಲ್ಲಿ ಇಂಥದ್ದೇ ಬಾಗಿಲಿತ್ತು. ಆ ಗಾಡಿಗಳು ಬೆರಳೆಣಿಕೆಯಷ್ಟು ಮಾತ್ರ, ಅದಕ್ಕೇ ಯಾರಿಗೂ ನೆನಪಿಲ್ಲ.

#6 ಸೀಸದಗುಂಡು

ಎಲ್ಲರೂ 1961ರಿಂದಲೇ ಶುರು ಮಾಡುತ್ತೀರಿ. ಕಾಂಟಿನೆಂಟಲ್ ಹುಟ್ಟಿದ್ದು ಒಬ್ಬ ಮಗನ ಆಸೆಯಿಂದ. ಅದನ್ನು ಬಿಟ್ಟರೆ ಕಥೆಗೆ ತಲೆಯೇ ಇಲ್ಲ.

ಹೆನ್ರಿ ಫೋರ್ಡ್‌ಗೆ ಒಬ್ಬನೇ ಮಗ, ಎಡ್ಸೆಲ್. ಅಪ್ಪನಿಗೆ ಕಾರು ಅಂದರೆ ಅಗ್ಗ ಇರಬೇಕು, ಓಡಬೇಕು, ಮುಗಿಯಿತು. ಮಗನಿಗೆ ಕಾರು ಚೆಂದವೂ ಇರಬೇಕು. ಲಿಂಕನ್ ಕಂಪನಿ ಮೊದಲು ಫೋರ್ಡ್‌ನವರದ್ದಲ್ಲ. ಕ್ಯಾಡಿಲಾಕ್ ಬಿಟ್ಟು ಬಂದ ಹೆನ್ರಿ ಲೀಲ್ಯಾಂಡ್ 1917ರಲ್ಲಿ ವಿಮಾನದ ಎಂಜಿನ್ ಮಾಡಲು ಕಟ್ಟಿದ ಕಂಪನಿ ಅದು. ತಾನು ಮೊದಲ ಸಲ ವೋಟು ಹಾಕಿದ್ದು ಅಬ್ರಹಾಂ ಲಿಂಕನ್‌ಗೆ ಅಂತ ಆ ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ಕಾರು ಮಾಡಲು ಹೋಗಿ ಕೈ ಸುಟ್ಟುಕೊಂಡರು. 1922ರಲ್ಲಿ ಫೋರ್ಡ್ 80 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಎಡ್ಸೆಲ್ ಕೈಗೆ ಒಂದು ಆಟದ ಮೈದಾನ ಸಿಕ್ಕಿತು.

1938ರಲ್ಲಿ ಎಡ್ಸೆಲ್ ತಮ್ಮ ಡಿಸೈನರ್ ಬಾಬ್ ಗ್ರೆಗರಿಗೆ ಹೇಳಿದರು: ನನಗೆ ಯುರೋಪಿನ ಧಾಟಿಯ ಒಂದು ಕಾರು ಬೇಕು, ಫ್ಲೋರಿಡಾಗೆ ರಜೆಗೆ ಹೋದಾಗ ಓಡಿಸೋಕೆ. ಕಾಂಟಿನೆಂಟಲ್ ಅಂದರೆ ಅಷ್ಟೇ, ಯುರೋಪ್ ಕಡೆಯದ್ದು ಅಂತ. ಗ್ರೆಗರಿ ಲಿಂಕನ್ ಜೆಫರ್ ಕಾರಿನ ನಕ್ಷೆ ಎಳೆದುಕೊಂಡು ಅದರ ಮೇಲೇ ಗೀಚಿದರು. ಬಾನೆಟ್ ಉದ್ದ, ಮೈ ತಗ್ಗು, ಸ್ಟೆಪ್ನಿ ಹಿಂದೆ ನೆಟ್ಟಗೆ ನಿಂತದ್ದು. ಒಂದು ಗಂಟೆಯೂ ಹಿಡಿಯಲಿಲ್ಲ ಅನ್ನುವ ಕಥೆಯಿದೆ. 1939ರ ಮಾರ್ಚ್‌ನಲ್ಲಿ ಕಾರು ಫ್ಲೋರಿಡಾ ತಲುಪಿತು. ಅಲ್ಲಿನ ಸಾಹುಕಾರರೆಲ್ಲ "ನನಗೂ ಒಂದು" ಅಂದರಂತೆ, ಎಡ್ಸೆಲ್ 200 ಆರ್ಡರ್ ಹಿಡಿದುಕೊಂಡು ವಾಪಸ್ ಬಂದರಂತೆ. 1940ರ ಮಾಡೆಲ್ ಅಂತ 404 ಕಾರು ತಯಾರಾದವು.

ಬೆಣ್ಣೆದೋಸೆ ಅವರ ಮಾವನಿಗೆ ಇದು ಇಷ್ಟವಾಗುತ್ತದೆ. ಜೆಫರ್ ಬಾಡಿಯನ್ನು ಕೊಯ್ದು, ತುಂಡು ತೆಗೆದು, ಮತ್ತೆ ಬೆಸುಗೆ ಹಾಕಿದ್ದು ಪೂರಾ ಕೈಯಲ್ಲೇ. ನಮ್ಮ ಟಿಂಕರಿಂಗ್‌ನವರು ಪುಟ್ಟಿ ಮೆತ್ತುತ್ತಾರಲ್ಲ, ಅಲ್ಲಿ ಸೀಸ ಕರಗಿಸಿ ಮೆತ್ತಿ, ಉಜ್ಜಿ ನಯ ಮಾಡುತ್ತಿದ್ದರು. ಮೊದಮೊದಲ ಗಾಡಿಗಳಲ್ಲಿ ಸೀಸದ ಭಾರವೇ ಒಂದು ಆಳಿನಷ್ಟು ಇರಬೇಕು ಅಂತ ನಾವು ತಮಾಷೆ ಮಾಡುತ್ತೇವೆ. ನನ್ನ ಐಡಿ ಹೆಸರು ಬಂದದ್ದೂ ಅಲ್ಲಿಂದಲೇ.

#7 ಕ್ಲಚ್‌ಪ್ಲೇಟ್

ಎಡ್ಸೆಲ್ ಅಂದರೆ ಆ ಫ್ಲಾಪ್ ಆದ ಕಾರಿನ ಹೆಸರಲ್ವಾ?

#8 ಸೀಸದಗುಂಡು

ಹೌದು. ಪಾಪ, ಅವರು 1943ರಲ್ಲೇ ತೀರಿಕೊಂಡಿದ್ದರು. 49 ವರ್ಷ. ಅವರ ಹೆಸರಿಟ್ಟ ಕಾರು ಬಂದದ್ದು 1957ರಲ್ಲಿ. ಈಗ ಎಡ್ಸೆಲ್ ಅಂದ ತಕ್ಷಣ ಜನ ನಗುತ್ತಾರೆ. ಆ ಮನೆಯಲ್ಲಿ ಕಾರಿನ ಚೆಂದ ಗೊತ್ತಿದ್ದವರು ಅವರೇ. ಅವರ 1941ರ ಕಾಂಟಿನೆಂಟಲ್ಲನ್ನು 1951ರಲ್ಲಿ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನವರು ತಂದು ಪ್ರದರ್ಶನಕ್ಕಿಟ್ಟರು. ಎಂಟೇ ಎಂಟು ಕಾರು ಆರಿಸಿದ್ದರು, ಅದರಲ್ಲಿ ಇದೂ ಒಂದು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಒಂದನ್ನು ಕೊಂಡು ತಮ್ಮ ಮೆಚ್ಚಿನ ಕೆಂಪು ಬಣ್ಣ ಬಳಿಸಿಕೊಂಡಿದ್ದರು.

#9 ಹಳೇಗಾಡಿ

ಚೆಂದ ಸರಿ, ಎಂಜಿನ್ ಬಗ್ಗೆ ಯಾಕೆ ಬಾಯಿ ಬಿಡಲ್ಲ ನೀವು? 292 ಕ್ಯೂಬಿಕ್ ಇಂಚಿನ ವಿ12. ಹನ್ನೆರಡು ಸಿಲಿಂಡರ್ ಅಂತ ಹೆಸರು ದೊಡ್ಡದು, ಶಕ್ತಿ 120 ಕುದುರೆ. ಬಿಸಿಯಾಗುವುದು, ಆಯಿಲ್ ಗಸಿ ಕಟ್ಟುವುದು, ಪ್ರೆಷರ್ ಬೀಳುವುದು, ಎಲ್ಲ ರೋಗವೂ ಇತ್ತು. ಎಷ್ಟೋ ಜನ ಅದನ್ನು ಕಿತ್ತು ವಿ8 ಕೂರಿಸಿಕೊಂಡರು. ಮೇಲೆ ಪಟ್ಟೆ ಪಂಚೆ, ಒಳಗೆ ತೇಪೆ.

#10 ಸೀಸದಗುಂಡು

ಒಪ್ಪುತ್ತೇನೆ ಅಣ್ಣ. ಎಲ್ಲ ಪ್ರೀತಿಯಲ್ಲೂ ಸ್ವಲ್ಪ ಆಯಿಲ್ ಸೋರುತ್ತದೆ. ಆದರೂ 1948ರಲ್ಲಿ ಅದು ನಿಂತ ಮೇಲೆ ಅಮೆರಿಕದ ದೊಡ್ಡ ಕಂಪನಿಗಳು ಎಷ್ಟೋ ಕಾಲ ವಿ12 ಕಡೆಗೆ ತಲೆ ಹಾಕಲಿಲ್ಲ.

#11 ಅಜ್ಜಿಮನೆಅಂಬಾಸಿಡರ್

ಮಾರ್ಕ್ 2 ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನನ್ನ ಲೆಕ್ಕದಲ್ಲಿ ಕಾಂಟಿನೆಂಟಲ್ ಅಂದರೆ ಅದೇ.

ಎಡ್ಸೆಲ್ ಅವರ ಕಿರಿಮಗ ವಿಲಿಯಂ ಕ್ಲೇ ಫೋರ್ಡ್. ಅಪ್ಪನ ಕಾರನ್ನು ಮತ್ತೆ ಮಾಡಬೇಕು ಅಂತ ಹೊರಟರು. ಅದಕ್ಕೆ ಅಂತ ಬೇರೆ ವಿಭಾಗವನ್ನೇ ತೆರೆದರು. 1955ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರು ಮೇಳದಲ್ಲಿ ತೋರಿಸಿದರು. ಬೆಲೆ ಹತ್ತಿರ ಹತ್ತಿರ 10,000 ಡಾಲರ್. ಆ ಕಾಲಕ್ಕೆ ರೋಲ್ಸ್ ರಾಯ್ಸ್ ಪಕ್ಕದಲ್ಲಿ ಕೂರುವ ಬೆಲೆ. ಎಸಿ ಒಂದಕ್ಕೆ ಮಾತ್ರ ಬೇರೆ ದುಡ್ಡು, ಮಿಕ್ಕಿದ್ದೆಲ್ಲ ಸೇರಿಯೇ ಬರುತ್ತಿತ್ತು. ಬಣ್ಣ ಹೊಡೆಯುವ ಮುಂಚೆ ಬಾಡಿ ಭಾಗಗಳನ್ನೆಲ್ಲ ಒಂದು ಸಲ ಜೋಡಿಸಿ ನೋಡಿ, ಮತ್ತೆ ಬಿಚ್ಚುತ್ತಿದ್ದರು. ಪೆಟ್ರೋಲ್ ಹಾಕುವ ಮುಚ್ಚಳ ಎಲ್ಲಿ ಗೊತ್ತಾ? ಎಡಗಡೆ ಹಿಂದಿನ ದೀಪದ ಹಿಂದೆ. ದೀಪವನ್ನೇ ಬಾಗಿಲಿನ ಹಾಗೆ ತೆಗೆಯಬೇಕು. ಪೆಟ್ರೋಲ್ ಬಂಕಿನ ಹೊಸ ಹುಡುಗ ಗಾಡಿಗೆ ಎರಡು ಸುತ್ತು ಹಾಕಬೇಕಾಗುತ್ತಿತ್ತು ಅಂತ ಕಾಣುತ್ತೆ.

ಎಲಿಜಬೆತ್ ಟೇಲರ್, ಎಲ್ವಿಸ್ ಪ್ರೆಸ್ಲಿ, ಫ್ರಾಂಕ್ ಸಿನಾತ್ರಾ, ಎಲ್ಲರ ಹತ್ತಿರವೂ ಇತ್ತು. ಆದರೆ ಒಂದೊಂದು ಕಾರಿಗೂ ಕಂಪನಿಗೆ ಸಾವಿರ ಡಾಲರಿನಷ್ಟು ನಷ್ಟ ಆಗುತ್ತಿತ್ತು ಅಂತ ಹೇಳುತ್ತಾರೆ. ಸುಮಾರು 3,000 ಕಾರು ಮಾಡಿ 1957ರಲ್ಲಿ ನಿಲ್ಲಿಸಿದರು.

#12 ಹಳೇಗಾಡಿ

ಮಾರ್ಕ್ 2 ಕೈಯಿಂದ ದುಡ್ಡು ಹಾಕಿ ಜಾತ್ರೆ ಮಾಡಿಸಿದ ಹಾಗೆ. ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಆದರೆ ಲಿಂಕನ್ ಕಂಪನಿ ಉಳಿದದ್ದು 1961ರ ಗಾಡಿಯಿಂದ. ಗಾಡಿ ಗಿಡ್ಡ ಮಾಡಿದರು, ಕ್ರೋಮು ಕಿತ್ತರು, ಪಕ್ಕದ ಭಾಗವನ್ನು ಇಸ್ತ್ರಿ ಮಾಡಿದ ಶರ್ಟಿನ ಹಾಗೆ ಸಪಾಟಾಗಿ ಬಿಟ್ಟರು. ಅಮೆರಿಕದಲ್ಲಿ ಆಗ ಎಲ್ಲರೂ ಕಾರಿನ ಹಿಂಭಾಗಕ್ಕೆ ರೆಕ್ಕೆ ಬೆಳೆಸುತ್ತಿದ್ದ ಕಾಲ. ಇವರು ರೆಕ್ಕೆ ಕತ್ತರಿಸಿ 25,000 ಕಾರು ಮಾರಿದರು. ಆ ವರ್ಷ ಕೈಗಾರಿಕಾ ಡಿಸೈನರುಗಳ ಸಂಸ್ಥೆ ಇದಕ್ಕೆ ಕಂಚಿನ ಪದಕ ಕೊಟ್ಟಿತು, ಕಾರುಗಳಿಗೆ ಅದು ಸಿಗುವುದೇ ಅಪರೂಪ.

ಇನ್ನೊಂದು ವಿಷಯ. ವಿಕ್ಸಮ್ ಕಾರ್ಖಾನೆಯಿಂದ ಹೊರಡುವ ಮೊದಲು ಪ್ರತಿಯೊಂದು ಕಾರನ್ನೂ 12 ಮೈಲಿ ಓಡಿಸಿ ನೋಡುತ್ತಿದ್ದರು. ಎಂಜಿನ್ನನ್ನು 3,500 ಆರ್‌ಪಿಎಂನಲ್ಲಿ ಮೂರು ಗಂಟೆ ಓಡಿಸಿ, ಆಮೇಲೆ ಬಿಚ್ಚಿ ನೋಡಿ ಮತ್ತೆ ಕೂರಿಸುತ್ತಿದ್ದರು. ವಾರಂಟಿ ಎರಡು ವರ್ಷ ಅಥವಾ 24,000 ಮೈಲಿ. ಆಗ ಬೇರೆಯವರು ಅಷ್ಟು ಕೊಡುತ್ತಿರಲಿಲ್ಲ.

#13 ಬೆಣ್ಣೆದೋಸೆ

ಎಂಜಿನ್ ಬಿಚ್ಚಿ ನೋಡುತ್ತಿದ್ದರು ಅನ್ನುವ ಜಾಗದಲ್ಲಿ ಮಾವ "ಇನ್ನೊಂದು ಸಲ ಓದು" ಅಂದರು. ಓದಿದೆ. ಸುಮ್ಮನೆ ತಲೆ ಆಡಿಸಿದರು. ಅವರಿಂದ ಅದು ದೊಡ್ಡ ಸರ್ಟಿಫಿಕೇಟು.

ಕೆನಡಿ ಕಾರಿನ ಬಗ್ಗೆ ಯಾರಾದರೂ ಹೇಳಿ. ಅಲ್ಲಿನ ಬೋರ್ಡು ಓದುವಷ್ಟರಲ್ಲಿ ಮಗಳು ಓಡಿಹೋದಳು, ನಾನು ಅವಳ ಹಿಂದೆ.

#14 ಮಲ್ನಾಡ್‌ಮಳೆ

ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್‌ನವರು ಅದಕ್ಕಿಟ್ಟ ಗುಪ್ತ ಹೆಸರು ಎಸ್‌ಎಸ್-100-ಎಕ್ಸ್. ಮಾಮೂಲಿ 1961ರ ಕನ್ವರ್ಟಿಬಲ್, ಅಂದರೆ ಚಾವಣಿ ಮಡಚುವ ಕಾರು. ಸಿನ್ಸಿನಾಟಿಯ ಹೆಸ್ ಅಂಡ್ ಐಸೆನ್‌ಹಾರ್ಟ್‌ನವರು ಅದನ್ನು ಮಧ್ಯಕ್ಕೆ ಕೊಯ್ದು ಮೂರೂವರೆ ಅಡಿ ಉದ್ದ ಮಾಡಿದರು. ಹಿಂದಿನ ಸೀಟನ್ನು ಹತ್ತು ಇಂಚಿಗೂ ಜಾಸ್ತಿ ಮೇಲೆತ್ತಬಹುದಿತ್ತು, ರಸ್ತೆ ಬದಿ ನಿಂತ ಜನಕ್ಕೆ ಅಧ್ಯಕ್ಷರು ಕಾಣಬೇಕಲ್ಲ. ಫೋರ್ಡ್‌ನವರು ಸರ್ಕಾರಕ್ಕೆ ಕೊಟ್ಟದ್ದು ವರ್ಷಕ್ಕೆ 500 ಡಾಲರ್ ಬಾಡಿಗೆಗೆ.

ತುಂಬಾ ಜನಕ್ಕೆ ಗೊತ್ತಿಲ್ಲದ್ದು ಎರಡು ವಿಷಯ. ಒಂದು, ಆ ದಿನ ಕಾರು ಕಪ್ಪು ಇರಲಿಲ್ಲ, ಕಡು ನೀಲಿ. ಎರಡು, ಮೇಲೆ ಕೂರಿಸುವ ಪಾರದರ್ಶಕ ಚಾವಣಿ ಇತ್ತು, ಆದರೆ ಗುಂಡು ತಡೆಯುವಂಥದ್ದಲ್ಲ. ಡಲ್ಲಾಸ್‌ನಲ್ಲಿ 1963ರ ನವೆಂಬರ್ 22ರ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂತು, ಅದನ್ನೂ ಹಾಕಲಿಲ್ಲ.

ಆಮೇಲೆ ಆ ಕಾರನ್ನು ಗುಜರಿಗೆ ಹಾಕಿದರು ಅಂತ ಅಂದುಕೊಂಡಿದ್ದೆ. ಇಲ್ಲ! ಟೈಟಾನಿಯಂ ರಕ್ಷಾಕವಚ, ತೆಗೆಯಲಾಗದ ಚಾವಣಿ, ದಪ್ಪ ಗಾಜು ಹಾಕಿ ಮತ್ತೆ ಓಡಿಸಿದರು. ಮುಂದೆ ಕಪ್ಪು ಬಣ್ಣ ಬಳಿದರು. ಜಾನ್ಸನ್, ನಿಕ್ಸನ್ ಎಲ್ಲ ಅದರಲ್ಲೇ ಓಡಾಡಿದರು. 1977ರವರೆಗೆ ಸೇವೆಯಲ್ಲಿತ್ತು. ಅಧ್ಯಕ್ಷರು ಗುಂಡೇಟು ತಿಂದ ಸೀಟಿನ ಜಾಗದಲ್ಲೇ ಇನ್ನೊಬ್ಬರು ಕೂತು ಕೈ ಬೀಸುವುದು. ನಮ್ಮಲ್ಲಾಗಿದ್ದರೆ ಶಾಂತಿ ಹೋಮ ಮಾಡಿಸದೆ ಯಾರೂ ಹತ್ತುತ್ತಿರಲಿಲ್ಲ.

ಮ್ಯಾಕ್ನಮಾರ ಕಡೆ ಒಂದು ಸಲ ತಿರುಗಿ ನೋಡಿ. ಕೆನಡಿ ಗೆದ್ದ ಮಾರನೆಯ ದಿನ, 1960ರ ನವೆಂಬರ್ 9ಕ್ಕೆ, ಅವರು ಫೋರ್ಡ್ ಕಂಪನಿಯ ಅಧ್ಯಕ್ಷರಾದರು. ಕೆಲವೇ ವಾರದಲ್ಲಿ ಕೆನಡಿ ಕರೆದರು ಅಂತ ಬಿಟ್ಟು ಹೊರಟರು. ಅವರು ಉಳಿಸಿದ ಕಾರಿನಲ್ಲೇ ಅವರ ಅಧ್ಯಕ್ಷರ ಕೊನೆಯ ಪ್ರಯಾಣ ಆಯಿತು.

#15 ತುಮಕೂರುರೋಡ್

ಅದೇ ಮ್ಯೂಸಿಯಂನಲ್ಲಿ ಅಧ್ಯಕ್ಷ ರೇಗನ್ ಅವರ 1972ರ ಲಿಂಕನ್ ಕೂಡ ಇದೆ. 1981ರಲ್ಲಿ ಅವರಿಗೆ ಗುಂಡು ತಗುಲಿದ್ದು ಆ ಕಾರಿನ ಪಕ್ಕೆಗೆ ಬಡಿದು ಚಿಮ್ಮಿ. ಗುಂಡು ತಡೆಯಲು ಹಾಕಿದ ಕವಚವೇ ಅದನ್ನು ತಿರುಗಿಸಿತು.

ಇನ್ನೊಂದು ತಲೆಹರಟೆ. ಕಪ್ಪು ಜನಾಂಗದ ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಕೂತಿದ್ದ ಮಾಂಟ್ಗೊಮರಿಯ ಬಸ್ಸೂ ಅಲ್ಲೇ ಇದೆ. ಅದರ ನಂಬರ್ 2857. 1961ರಲ್ಲಿ ತಯಾರಾದ ಕಾಂಟಿನೆಂಟಲ್ ಕನ್ವರ್ಟಿಬಲ್ ಎಷ್ಟು? 2,857. ಇದಕ್ಕೆ ಅರ್ಥ ಏನೂ ಇಲ್ಲ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

#16 ಕ್ಲಚ್‌ಪ್ಲೇಟ್

ನಿಮಗೆ ಮಾಡಲು ಬೇರೆ ಕೆಲಸ ಇಲ್ವಾ ಸಾರ್ 😂

#17 ವುಡ್‌ವರ್ಡ್‌ವಾಕಿಂಗ್

ಕನ್ವರ್ಟಿಬಲ್ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಪ್ರತಿ ಆಗಸ್ಟ್‌ನಲ್ಲಿ ಡೆಟ್ರಾಯ್ಟ್ ಹತ್ತಿರ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ಒಂದು ವರ್ಷ ಅಲ್ಲಿ ಒಬ್ಬ ಅಜ್ಜ 1964ರ ನಾಲ್ಕು ಬಾಗಿಲಿನ ಕನ್ವರ್ಟಿಬಲ್ ನಿಲ್ಲಿಸಿಕೊಂಡಿದ್ದರು. ಟಾಪು ಹಾಕಿ ತೋರಿಸಿ ಅಂದೆ. ಖುಷಿಯಾಗಿ ಸ್ವಿಚ್ ಒತ್ತಿದರು.

ಮೊದಲು ಡಿಕ್ಕಿಯೊಳಗೆ ಗುಯ್ ಅಂತ ಸದ್ದು. ಲಾಕಿನ ಸ್ಕ್ರೂಗಳು ತಿರುಗಿ ಬಿಟ್ಟುಕೊಂಡವು. ಡಿಕ್ಕಿ ಮುಚ್ಚಳ ನಮ್ಮ ಕಾರಿನ ಹಾಗಲ್ಲ, ಹಿಂಜು ಬಂಪರ್ ಕಡೆ, ಉಲ್ಟಾ ಏಳುತ್ತದೆ. ಅದು ನೆಟ್ಟಗೆ ನಿಂತ ಮೇಲೆ ಒಳಗಿಂದ ಬಟ್ಟೆಯ ಚಾವಣಿ ಮಡಿಕೆ ಬಿಚ್ಚುತ್ತಾ, ನಿಧಾನಕ್ಕೆ ಮೇಲೆದ್ದು ಮುಂದಕ್ಕೆ ಬಂತು. ಒಂದು ಕೆಲಸ ಮುಗಿದರೆ ಸ್ವಿಚ್ಚು ಇನ್ನೊಂದು ರಿಲೇಗೆ, ಅಂದರೆ ಕರೆಂಟಿನಿಂದಲೇ ಆನ್ ಆಗುವ ಸ್ವಿಚ್ಚಿಗೆ, ಹೇಳುತ್ತದೆ, ಅದು ಮುಂದಿನ ಮೋಟಾರಿಗೆ. 1957ರ ಫೋರ್ಡ್ ಸ್ಕೈಲೈನರ್‌ಗೆ ಮಾಡಿದ್ದ ಏರ್ಪಾಡನ್ನೇ ಇಲ್ಲಿಗೆ ತಂದದ್ದು. ಕಂಪ್ಯೂಟರ್ ಗಿಂಪ್ಯೂಟರ್ ಏನಿಲ್ಲ.

ಅರ್ಧಕ್ಕೆ ಬಂದು ನಿಂತಿತು! ಚಾವಣಿ ಆಕಾಶದಲ್ಲಿ, ಡಿಕ್ಕಿ ಬಾಯಿ ತೆರೆದುಕೊಂಡು. ಅಜ್ಜ ಬೆಳಿಗ್ಗೆಯಿಂದ ರೇಡಿಯೋ ಹಾಕಿ ಕೂತಿದ್ದರಂತೆ, ಬ್ಯಾಟರಿ ಇಳಿದಿತ್ತು. ನಾಲ್ಕು ಜನ ಸುತ್ತ ನಿಂತೆವು. ಅವರು ಯಾರಿಗೂ ಮುಟ್ಟಲು ಬಿಡಲಿಲ್ಲ. ಪಕ್ಕದ ಪಿಕಪ್‌ನಿಂದ ಕೇಬಲ್ ಕೊಟ್ಟ ಮೇಲೆ ಮತ್ತೆ ಗುಯ್ ಅಂದಿತು. ಪೂರ್ತಿ ಕೂತಾಗ ಸುತ್ತ ನಿಂತವರೆಲ್ಲ ಚಪ್ಪಾಳೆ. ಅಜ್ಜ ಮಾತ್ರ ಹೆಂಡತಿ ಮುಖ ನೋಡುತ್ತಿರಲಿಲ್ಲ. ರೇಡಿಯೋ ಬೇಡ ಅಂತ ಆಕೆ ಎರಡು ಸಲ ಹೇಳಿದ್ದರಂತೆ.

ಆಗಲೇ ಇನ್ನೊಂದು ಗಮನಿಸಿದೆ. ಹಿಂದಿನ ಬಾಗಿಲು ತೆರೆದಾಗ ಅದರ ಗಾಜು ತಾನಾಗಿ ಸ್ವಲ್ಪ ಕೆಳಗೆ ಇಳಿಯುತ್ತದೆ. ಇಲ್ಲದಿದ್ದರೆ ಮುಂದಿನ ಗಾಜಿನ ಅಂಚಿಗೆ ತಗುಲುತ್ತದೆ.

#18 ಅಜ್ಜಿಮನೆಅಂಬಾಸಿಡರ್

ಆ ಕನ್ವರ್ಟಿಬಲ್ 1967ಕ್ಕೆ ನಿಂತಿತು. 1970ರ ಮಾಡೆಲ್‌ನಿಂದ ಬಾಗಿಲೂ ಮಾಮೂಲಿ ಆಯಿತು. ಅಲ್ಲಿಂದ ಮುಂದಕ್ಕೆ ನನಗೆ ಅಷ್ಟು ರುಚಿಯಿಲ್ಲ. 1977ರ ಹೊತ್ತಿಗೆ ಉದ್ದ 5.9 ಮೀಟರ್ ಮುಟ್ಟಿತ್ತು, ಎರಡು ಮಾರುತಿ 800 ನಿಲ್ಲಿಸಲು ಒಂದೂವರೆ ಮೊಳದಷ್ಟು ಕಮ್ಮಿ ಬೀಳುತ್ತೆ ಅಷ್ಟೇ.

ಮಾರ್ಕ್ ನಂಬರಿನ ಗೋಜಲು ಇನ್ನೊಂದು ತಮಾಷೆ. 1958ರಿಂದ 60ರವರೆಗಿನ ಆ ಚಪ್ಪರಗಳಿಗೆ ಮಾರ್ಕ್ 3, 4, 5 ಅಂತ ಹೆಸರಿತ್ತು. 1968ರಲ್ಲಿ ಫೋರ್ಡ್‌ನ ಲೀ ಅಯಕೋಕಾ ಥಂಡರ್‌ಬರ್ಡ್‌ಗೆ ರೋಲ್ಸ್ ರಾಯ್ಸ್ ಥರದ ಗ್ರಿಲ್ ಇಡಿಸಿ ಹೊಸ ಕಾರು ತಂದಾಗ ಮತ್ತೆ ಮಾರ್ಕ್ 3 ಅಂತಲೇ ಕರೆದರು. ಮಧ್ಯದ ಮೂವರನ್ನು ವಂಶಾವಳಿಯಿಂದಲೇ ಕಿತ್ತುಹಾಕಿದರು. ನಮ್ಮ ಕಡೆ ಆಸ್ತಿ ಭಾಗ ಮಾಡುವಾಗಲೂ ಹೀಗೆಲ್ಲ ಆಗುವುದುಂಟು.

#19 ಹಳೇಗಾಡಿ

1988ರಲ್ಲಿ ಕಾಂಟಿನೆಂಟಲ್ಲನ್ನು ಫೋರ್ಡ್ ಟಾರಸ್ ತಳಪಾಯದ ಮೇಲೆ ಕೂರಿಸಿ ಮುಂದಿನ ಚಕ್ರದಿಂದ ಓಡುವ ವಿ6 ಗಾಡಿ ಮಾಡಿದರು. ಒಳ್ಳೆ ಗಾಡಿಯೇ ಇರಬಹುದು. ಆದರೆ ಪಾರ್ಕಿಂಗ್‌ನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. 2002ಕ್ಕೆ ಹೆಸರು ನಿಂತಿತು.

2017ರಲ್ಲಿ ಮತ್ತೆ ಬಂತು, 400 ಕುದುರೆಶಕ್ತಿಯ ಟ್ವಿನ್ ಟರ್ಬೊ ವಿ6. ಒಳಗಿನಿಂದ ಬಾಗಿಲು ತೆಗೆಯಲು ಗುಂಡಿ ಒತ್ತಿದರೆ ಸಾಕು. ಮುಂದಿನ ಸೀಟು 30 ಥರ ಸರಿದಾಡುತ್ತದೆ. ಚೀನಾದ ಗಿರಾಕಿಗಳ ಮೇಲೂ ಕಣ್ಣಿತ್ತು, ಅಲ್ಲಿ ಸಾಹುಕಾರ ಹಿಂದೆ ಕೂರುತ್ತಾನಲ್ಲ. ಆದರೆ ಅಷ್ಟರಲ್ಲಿ ಅಮೆರಿಕದವರೆಲ್ಲ ಎಸ್‌ಯುವಿ ಹತ್ತಿ ಆಗಿತ್ತು. 2020ರ ಅಕ್ಟೋಬರ್ ಕೊನೆಗೆ ಮಿಶಿಗನ್‌ನ ಫ್ಲ್ಯಾಟ್ ರಾಕ್‌ನಲ್ಲಿ ತಯಾರಿ ನಿಂತಿತು.

ಅದಕ್ಕೆ ಸ್ವಲ್ಪ ಮುಂಚೆ, 80 ವರ್ಷ ತುಂಬಿತು ಅಂತ 80 ಕಾರಿಗೆ ಹಳೇ ಉಲ್ಟಾ ಬಾಗಿಲು ಹಾಕಿದರು. ಮ್ಯಾಸಚೂಸೆಟ್ಸ್‌ಗೆ ಕಳಿಸಿ, 6 ಇಂಚು ಉದ್ದ ಮಾಡಿಸಿ. ಬೆಲೆ ಒಂದು ಲಕ್ಷ ಡಾಲರಿನ ಮೇಲೆ. ಅಷ್ಟೂ ಖಾಲಿಯಾದವು. ನೋಡಿ, 1961ರಲ್ಲಿ ಜಾಗ ಸಾಲದೆ ಬಾಗಿಲು ಉಲ್ಟಾ ಮಾಡಿದರು. 2019ರಲ್ಲಿ ಬಾಗಿಲು ಉಲ್ಟಾ ಮಾಡಲು ಜಾಗವನ್ನೇ ಜಾಸ್ತಿ ಮಾಡಬೇಕಾಯಿತು.

#20 ಸೀಸದಗುಂಡು

ಎಂಗಲ್ ಅವರ ಕಥೆ ಅರ್ಧಕ್ಕೇ ಬಿಟ್ಟಿರಿ ಅಣ್ಣ. 1961ರಲ್ಲೇ ಅವರನ್ನು ಕ್ರೈಸ್ಲರ್‌ನವರು ಕರೆದುಕೊಂಡು ಹೋದರು. ಮೂರು ವರ್ಷ ಬಿಟ್ಟು ಬಂದ 1964ರ ಇಂಪೀರಿಯಲ್ ಕಾರನ್ನು ಪಕ್ಕದಿಂದ ನೋಡಿ. ಅಣ್ಣತಮ್ಮಂದಿರೇ. ಅಡುಗೆ ಭಟ್ಟರು ಮನೆ ಬದಲಿಸಿದರೂ ಸಾರಿನ ರುಚಿ ಅದೇ ಇರುತ್ತದಲ್ಲ.

#21 ಬೆಣ್ಣೆದೋಸೆ

ಎಲ್ಲರಿಗೂ ಥ್ಯಾಂಕ್ಸ್. ಪೂರಾ ಓದಿ ಹೇಳಿದೆ, ಎರಡು ಸಂಜೆ ಹಿಡಿಯಿತು. ಕೆನಡಿ ಭಾಗ ಬಂದಾಗ ಅತ್ತೆಯೂ ಒಗ್ಗರಣೆ ಬಿಟ್ಟು ಬಂದು ಕೂತರು. ಕಾರಿಗೆ ಮತ್ತೆ ಬಣ್ಣ ಬಳಿದು ಓಡಿಸಿದರು ಅಂದಾಗ ಅವರಿಗೆ ಸಿಟ್ಟೇ ಬಂತು.

ಮಾವನಿಗೆ ಈಗ ಬಾಗಿಲಿನ ಚಿಂತೆ ಇಲ್ಲ. ಡಿಕ್ಕಿಯ ಚಿಂತೆ. ಬ್ಯಾಟರಿ ಇಳಿದರೆ ಅರ್ಧಕ್ಕೆ ನಿಲ್ಲುವುದು ಸರಿ, ಆದರೆ ಮಧ್ಯದ ಒಂದು ರಿಲೇ ಕೆಟ್ಟರೆ ಯಾವುದು ಅಂತ ಹೇಗೆ ಹಿಡಿಯುತ್ತಾರೆ ಅಂತ ಕೇಳುತ್ತಿದ್ದಾರೆ. ವುಡ್‌ವರ್ಡ್‌ವಾಕಿಂಗ್ ಅವರೇ, ಆ ಟಾಪಿನ ವೈರಿಂಗ್ ಡಯಾಗ್ರಂ ಎಲ್ಲಾದರೂ ಸಿಗುತ್ತಾ? ಫೋನಿನಲ್ಲಿ ಬೇಡವಂತೆ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ಬೇಕಂತೆ. ಡೈನಿಂಗ್ ಟೇಬಲ್ ಖಾಲಿ ಮಾಡಿಸಿ, ಕನ್ನಡಕ ಒರೆಸಿಕೊಂಡು ಕೂತಿದ್ದಾರೆ.